ಬೆರಳು ನೋಡಿ ಪಾಠ

ನಾನು ಕನ್ನಡದ ಟೈಪ್‌ರೈಟರು. ನನ್ನ ಮೈಯನ್ನು ಇಂಗ್ಲಿಷ್ ಯಂತ್ರಗಳ ಅಚ್ಚಿನಲ್ಲೇ ಎರಕ ಹೊಯ್ದರು, ಅಕ್ಷರಗಳನ್ನು ಮಾತ್ರ ಆಮೇಲೆ ಬೆಸೆದರು. ಬೆಸೆದವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಎದುರಿಗೆ ತೂಗುಹಾಕಿದ ಹಾಳೆಯನ್ನು ನೋಡಿ ನೋಡಿ ಒಂದೊಂದನ್ನೇ ಕೂರಿಸಿದ. ಒಂದಕ್ಷರವೂ ತಲೆಕೆಳಗಾಗಲಿಲ್ಲ.

ನನ್ನ ಕೀಲಿಗಳಲ್ಲಿ ಎರಡು ಜಾತಿ ಇವೆ. ಕೆಲವನ್ನು ಒತ್ತಿದರೆ ಅಕ್ಷರ ಬಿದ್ದು, ಹಾಳೆ ಹೊತ್ತ ಕ್ಯಾರೇಜು ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಕೆಲವನ್ನು ಒತ್ತಿದರೆ ಗುರುತು ಬೀಳುತ್ತದೆ, ಕ್ಯಾರೇಜು ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಕಲಿಯಲು ಬಂದವರೆಲ್ಲ ಎಡವುವುದು ಇಲ್ಲಿಯೇ. ಯಾರು ಹೇಗೆ ಎಡವುತ್ತಾರೆ ಎನ್ನುವುದನ್ನು ನಾನು ಬೆರಳಿನ ತುದಿಯಿಂದ ತಿಳಿದುಕೊಂಡೆ.

ಮೊದಲ ಹನ್ನೊಂದು ವರ್ಷ ಒಂದು ಪುರಸಭೆಯ ಕಚೇರಿಯಲ್ಲಿದ್ದೆ. ಅಲ್ಲಿನ ಗುಮಾಸ್ತ ಗುರಾಚಾರರು ಯಾರ ಬಳಿಯೂ ಕಲಿತವರಲ್ಲ. ಎರಡೂ ಕೈಯ ತೋರುಬೆರಳುಗಳಿಂದಲೇ ಹೊಡೆಯುತ್ತಿದ್ದರು, ಉಳಿದ ಎಂಟು ಬೆರಳು ಮಡಿಚಿಕೊಂಡು ಸುಮ್ಮನಿರುತ್ತಿದ್ದವು. ಆದರೂ ಆ ಕಚೇರಿಯಲ್ಲಿ ಅವರಷ್ಟು ಬೇಗ ಹೊಡೆಯುವವರು ಇನ್ನೊಬ್ಬರಿರಲಿಲ್ಲ. ಅವರು ನಿವೃತ್ತರಾದ ಮೇಲೆ ಹಳೆಯ ಸಾಮಾನಿನ ಹರಾಜಿನಲ್ಲಿ ನನ್ನನ್ನು ಗದಗಿನ ನೀಲಕಂಠಪ್ಪ ಅಬ್ಬಿಗೇರಿ ಮಾಸ್ತರರು ಕೊಂಡುಕೊಂಡರು.

ಸ್ಟೇಶನ್ ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿ, ಅದರ ಮಹಡಿಯ ಮೇಲೆ ಮಾಸ್ತರರ ಟೈಪಿಂಗ್ ಶಾಲೆ. ಅಲ್ಲಿ ಹದಿನಾಲ್ಕು ಯಂತ್ರಗಳಿದ್ದವು. ನನ್ನ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಏಳು ಎಂದು ಬರೆದು ಕಿಟಕಿಯ ಪಕ್ಕ ಇಟ್ಟರು.

ಮಾಸ್ತರರು ಎತ್ತರದ, ಸಪೂರ ಆಳು. ಬೇರೆ ಶಾಲೆಗಳಲ್ಲಿ ಮೊದಲ ಪಾಠದ ಹಾಳೆ ಕೊಟ್ಟು, ನೂರು ಸಲ ಹೊಡೆ ಎಂದು ಹೇಳಿ ಪೇಪರು ಓದುತ್ತ ಕೂರುವ ರೂಢಿ. ಇವರು ಕೂರುತ್ತಿರಲಿಲ್ಲ. ಹುಡುಗ ಹುಡುಗಿಯರ ಬೆನ್ನ ಹಿಂದೆ ಕೈಕಟ್ಟಿ ನಿಂತು ನೋಡುತ್ತಿದ್ದರು. ಮೂರು ದಿನ ನೋಡಿದ ಮೇಲೆ ತಮ್ಮ ಉದ್ದನೆಯ ವಹಿಯಲ್ಲಿ ಆ ವಿದ್ಯಾರ್ಥಿಯ ಹೆಸರಿನ ಮುಂದೆ ಎರಡು ಮಾತು ಬರೆಯುತ್ತಿದ್ದರು. ಮೊದಲನೆಯದು ಯಾವುದರಿಂದ ಕಲಿಯುತ್ತಾರೆ ಎನ್ನುವುದು, ಕಣ್ಣು, ಕಿವಿ ಅಥವಾ ಕೈ. ಎರಡನೆಯದು ಸ್ವಭಾವ, ಅವಸರ, ಅಂಜಿಕೆ ಅಥವಾ ಹಟ. ಆಮೇಲೆ ಆ ಎರಡು ಮಾತಿಗೆ ತಕ್ಕ ಹಾಗೆ ಪಾಠ.

ಇಮಾಮಸಾಬ್ ಎಂಬ ಹುಡುಗ ಬಂದಾಗ ಕೀಲಿ ಒತ್ತುವುದಕ್ಕಿಂತ ಮೇಜು ಕುಟ್ಟುವುದೇ ಹೆಚ್ಚಾಗಿತ್ತು. ಅವನ ಮನೆಯವರು ಮದುವೆಗಳಲ್ಲಿ ಬಾಜಾ ಬಾರಿಸುವವರು. ಮಾಸ್ತರರು 'ಕಿವಿ, ಅವಸರ' ಎಂದು ಬರೆದರು. ಒಂದು ಮರದ ಪಟ್ಟಿ ತಂದು ನನ್ನ ಪಕ್ಕದಲ್ಲಿ ಮೇಜಿಗೆ ಬಡಿಯುತ್ತ ತಾಳ ಹಾಕತೊಡಗಿದರು. ಎರಡು ವಾರದಲ್ಲಿ ಅವನ ಬೆರಳು ತಾಳಕ್ಕೆ ಬಿದ್ದವು, ಮುಂದಿನ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲೇ ಪಾಸಾದ. ರತ್ನಮಾಲಾ ಎಂಬ ಹುಡುಗಿಗೆ ಬೆರಳಿಗೊಂದು ಬಣ್ಣದಂತೆ ಬಳಿದ ನಕ್ಷೆ ಬರೆದು ಗೋಡೆಗೆ ಅಂಟಿಸಿದರು. ಅವಳಿಗೂ ಬಂತು. ಹೀಗೆ ಇಪ್ಪತ್ತು ವರ್ಷ ನಡೆಯಿತು. ವಹಿಗಳು ಆರಾದವು. ಮಾಸ್ತರರ ಕಣ್ಣು ತಪ್ಪುವುದಿಲ್ಲ ಎಂದು ಊರಲ್ಲಿ ಹೆಸರಾಯಿತು. ಆ ಮಾತನ್ನು ಮಾಸ್ತರರೂ ನಂಬಿದರು.

ಆಗ ಬಂದವಳು ದ್ರಾಕ್ಷಾಯಣಿ ಹೂಗಾರ. ಮೂವತ್ತನಾಲ್ಕರ ಹೆಂಗಸು. ಗಂಡ ಒಂದು ಸರಕಾರಿ ಕಚೇರಿಯಲ್ಲಿ ಜವಾನನಾಗಿದ್ದವನು ಜ್ವರದಲ್ಲಿ ತೀರಿಕೊಂಡಿದ್ದ. ಅನುಕಂಪದ ಮೇಲೆ ಇವಳಿಗೆ ಅಲ್ಲೇ ಟೈಪಿಸ್ಟ್ ಕೆಲಸ ಕೊಟ್ಟಿದ್ದರು. ಗೊತ್ತುಮಾಡಿದ ಅವಧಿಯೊಳಗೆ ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾಗಬೇಕು, ಇಲ್ಲವಾದರೆ ಕೆಲಸ ಇಲ್ಲ ಎಂದು ಆದೇಶದಲ್ಲಿ ಬರೆದಿತ್ತು. ಮನೆಯಲ್ಲಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು.

ಅವಳನ್ನು ನನ್ನ ಮುಂದೆ ಕೂರಿಸಿದರು. ಅವಳು ಒಂದೊಂದು ಶಬ್ದವನ್ನೂ ತುಟಿಯೊಳಗೇ ಹೇಳಿಕೊಂಡು ಆಮೇಲೆ ಒತ್ತುತ್ತಿದ್ದಳು. ಮಾಸ್ತರರು ಮೂರು ದಿನ ನೋಡಿ 'ಕಿವಿ, ಅಂಜಿಕೆ' ಎಂದು ಬರೆದರು. ಮರುದಿನದಿಂದ ಪಕ್ಕದಲ್ಲಿ ನಿಂತು ಪಾಠವನ್ನು ಗಟ್ಟಿಯಾಗಿ ಓದಿ ಹೇಳತೊಡಗಿದರು. ಅವರ ದನಿ ಮೃದುವಾಗಿಯೇ ಇತ್ತು. ಆದರೆ ಅವರು ಬಾಯಿ ತೆರೆದ ಕೂಡಲೇ ಅವಳ ಬೆರಳುಗಳು ತಣ್ಣಗಾಗುತ್ತಿದ್ದವು. ಒತ್ತಕ್ಷರ ಬಂದಲ್ಲಿ ಎರಡು ಕೀಲಿ ಒಟ್ಟಿಗೇ ಒತ್ತಿ ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಬೀಳುತ್ತಿದ್ದವು. ಬಿಡಿಸುವಾಗ ಅವಳ ಬೆರಳ ತುದಿಗೆಲ್ಲ ಮಸಿಯಾಗುತ್ತಿತ್ತು.

ಮೊದಲ ಸಲ ಪರೀಕ್ಷೆಗೆ ಕೂತು ನಪಾಸಾದಳು. ಎರಡನೆಯ ಸಲವೂ ನಪಾಸಾದಳು. ಉಳಿದದ್ದು ಇನ್ನೊಂದೇ ಅವಕಾಶ, ಆರು ತಿಂಗಳ ಮೇಲೆ.

ಎರಡನೆಯ ಫಲಿತಾಂಶ ಬಂದ ದಿನ ಮಾಸ್ತರರು ವಹಿ ಕೈಯಲ್ಲಿ ಹಿಡಿದು ನನ್ನ ಪಕ್ಕ ನಿಂತರು.

"ಕಿವಿ ಮ್ಯಾಲೆ ಕಲಿಯೋರಿಗೆ ಹಿಂಗ ಬರಬೇಕಲ್ಲವಾ. ಇಮಾಮಸಾಬ್‌ಗ ಬಂತು. ಇನ್ನೂ ಹತ್ತು ಮಂದಿಗೆ ಬಂತು. ನಿನಗ ಯಾಕ ಬರವಲ್ದು?"

ದ್ರಾಕ್ಷಾಯಣಿ ಅಂದಿನವರೆಗೂ ಎದುರು ಮಾತಾಡಿದವಳಲ್ಲ. ಅಂದು ಕೈಯನ್ನು ನನ್ನ ಮೇಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಮಾಸ್ತರ್ರೀ, ಸಿಟ್ಟಾಗಬ್ಯಾಡ್ರಿ. ನೀವು ಆ ವಹಿ ನೋಡಿ ನನಗ ಕಲಸಾಕತ್ತೀರಿ. ಒಂದ್ಸಲ ನನ್ನ ನೋಡಿ ಕಲಸ್ರಿ."

ಮಾಸ್ತರರು ವಹಿ ಮುಚ್ಚಿ ತಮ್ಮ ಕುರ್ಚಿಗೆ ಹೋದರು. ಆ ಬ್ಯಾಚು ಮುಗಿಯುವವರೆಗೂ ಯಾರ ಬೆನ್ನ ಹಿಂದೆಯೂ ಹೋಗಿ ನಿಲ್ಲಲಿಲ್ಲ. ಅವಳು ಚಪ್ಪಲಿ ಮೆಟ್ಟುವಾಗ ಕರೆದು ಕೇಳಿದರು.

"ಮನಿಯಾಗ ಏನು ಕೆಲಸ ಮಾಡ್ತಿ?"

"ಹೂ ಕಟ್ತೀನ್ರಿ. ಮುಂಜಾನೆ ಅತ್ತಿ ಜೋಡಿ ಕಟ್ಟಿ, ಗುಡಿಗೆ ಕೊಟ್ಟು, ಆಮ್ಯಾಲೆ ಆಫೀಸಿಗೆ ಹೊಕ್ಕೀನಿ."

"ನಾಳೆ ಹೂವು, ದಾರ ತೊಗೊಂಡು ಬಾ."

ಮರುದಿನ ಅವಳು ಒದ್ದೆ ಬಟ್ಟೆಯಲ್ಲಿ ಸೇವಂತಿಗೆ ಸುತ್ತಿಕೊಂಡು ಬಂದಳು. ನನ್ನನ್ನು ಸ್ವಲ್ಪ ಹಿಂದೆ ಸರಿಸಿ ಮೇಜಿನ ಮೇಲೆ ಹೂವು ಹರವಿದರು. ಕಟ್ಟು ಎಂದರು. ಅವಳು ಕಟ್ಟತೊಡಗಿದಳು. ಮಾಸ್ತರರು ಎದುರಿಗೆ ಸ್ಟೂಲು ಹಾಕಿಕೊಂಡು ಕುಳಿತು ಅತ್ತೆಯ ವಿಷಯ ಕೇಳಿದರು. ಅತ್ತೆಯ ಮಂಡಿನೋವು, ದೊಡ್ಡ ಮಗಳ ಲೆಕ್ಕದ ಪರೀಕ್ಷೆ, ಕಚೇರಿಯ ಹೆಡ್‌ಕ್ಲಾರ್ಕಿನ ಸಿಡುಕು, ಎಲ್ಲ ಹೇಳುತ್ತ ಹೋದಳು. ಹೇಳುವಾಗ ಅವಳ ಕಣ್ಣು ಕಿಟಕಿಯಾಚೆ ರಸ್ತೆಯ ಮೇಲಿತ್ತು. ಮೊಳದುದ್ದ ಮಾಲೆ ಮೇಜಿನಂಚಿನಿಂದ ಕೆಳಗಿಳಿಯಿತು.

ಮಾಸ್ತರರು ನಡುವೆ ತಟ್ಟನೆ ಕೇಳಿದರು. "ದಾರ ಯಾವ ಬೆರಳಿನ ಮ್ಯಾಲಿಂದ ತರ್ತಿ?"

ಅವಳು ಕೈ ನೋಡಿಕೊಂಡಳು. ಬೆರಳು ನಿಂತವು. ಮತ್ತೆ ಸುತ್ತಲು ಹೋದಳು, ಗಂಟು ಜಾರಿ ನಾಲ್ಕು ಹೂವು ಉದುರಿದವು.

"ಅಯ್ಯ, ನೀವು ಕೇಳಿದ್ರ ಹೆಂಗ ಬರತೈತ್ರಿ?" ಎಂದು ನಕ್ಕಳು.

ಮಾಸ್ತರರಿಗೆ ಆಗ ಹೊಳೆಯಿತು. ಅವಳು ತುಟಿಯೊಳಗೆ ಶಬ್ದ ಹೇಳಿಕೊಳ್ಳುತ್ತಿದ್ದುದು ಕಿವಿಗಾಗಿ ಆಗಿರಲಿಲ್ಲ. ತಪ್ಪೀತೆಂದು ಬೆರಳಿಗೆ ಕಾವಲು ಹಾಕುತ್ತಿದ್ದಳು. ಕಾವಲು ಹಾಕಿದಷ್ಟೂ ಬೆರಳು ಹೆದರುತ್ತಿದ್ದವು. ಇದು ನನಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು. ಆದರೆ ನನಗಿರುವುದು ಬೇರೆಯವರ ಮಾತು ಬರೆಯುವ ಶಕ್ತಿ ಮಾತ್ರ.

ಅಂದಿನಿಂದ ಪಾಠ ಬದಲಾಯಿತು. ನನ್ನ ಕೀಲಿಗಳ ಮೇಲೆ ಒಂದು ಹಳೆಯ ಟವೆಲ್ಲು ಹೊದಿಸಿದರು, ಅವಳ ಕೈ ಅದರಡಿಗೆ ಹೋಯಿತು. ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿದರು. ಬಾಯಿಪಾಠವಾದ ಒಂದೇ ಸಾಲನ್ನು ಮತ್ತೆ ಮತ್ತೆ ಹೊಡೆಯಲು ಹೇಳಿ ಎದುರಿಗೆ ಕುಳಿತು ಮಾತಿಗೆಳೆದರು.

"ತಪ್ಪಿದ್ರ ತಪ್ಪಲಿ. ಮಾತು ನಿಂದರಬಾರ್ದು," ಎಂದರು.

ಮೊದಲ ವಾರ ಹಾಳೆಯ ಮೇಲೆ ಬಿದ್ದದ್ದನ್ನು ಯಾವ ಭಾಷೆ ಎಂದು ಹೇಳುವುದೂ ಕಷ್ಟವಿತ್ತು. ಹಿಂದಿನ ಬೆಂಚಿನ ಹುಡುಗಿಯರು ಹಾಳೆ ನೋಡಿ ಬಾಯಿಗೆ ಸೆರಗು ಹಿಡಿದರು. ಮೂರನೆಯ ವಾರ ಸಾಲು ನೇರವಾಯಿತು. ಎರಡು ತಿಂಗಳಾದ ಮೇಲೆ ಪುಸ್ತಕ ಬಂತು, ಮಾತು ಕಡಿಮೆಯಾಯಿತು. ನಾಲ್ಕನೆಯ ತಿಂಗಳು ಮಾತು ಪೂರಾ ನಿಂತಿತು. ಆ ಹೊತ್ತಿಗೆ ಅವಳ ತುಟಿಯೂ ಅಲ್ಲಾಡುತ್ತಿರಲಿಲ್ಲ.

ಪರೀಕ್ಷೆಗೆ ಅವರವರ ಶಾಲೆಯ ಯಂತ್ರವನ್ನೇ ಒಯ್ಯುವ ಪದ್ಧತಿ. ನನ್ನನ್ನು ಗೋಣಿತಟ್ಟಿನಲ್ಲಿ ಸುತ್ತಿ ಟೆಂಪೋದಲ್ಲಿ ಹಾಕಿ ಒಂದು ಹೈಸ್ಕೂಲಿನ ಸಭಾಂಗಣಕ್ಕೆ ಒಯ್ದರು. ಗಂಟೆ ಬಾರಿಸಿದ ಕೂಡಲೇ ನಲವತ್ತು ಯಂತ್ರಗಳು ಒಮ್ಮೆಗೇ ಶುರುವಾದವು. ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ದ್ರಾಕ್ಷಾಯಣಿ ಮೊದಲ ಇಪ್ಪತ್ತು ಸಾಲು ಚೆನ್ನಾಗಿಯೇ ಹೊಡೆದಳು. ಇಪ್ಪತ್ತೊಂದನೆಯ ಸಾಲಿನಲ್ಲಿ ಪಕ್ಕದವಳು ಪುಟ ಮುಗಿಸಿ ಹೊಸ ಹಾಳೆ ಏರಿಸಿದಳು. ದ್ರಾಕ್ಷಾಯಣಿ ಅತ್ತ ನೋಡಿದಳು, ಆಮೇಲೆ ನನ್ನ ಕೀಲಿಗಳನ್ನು ನೋಡಿದಳು. ಹತ್ತು ಬೆರಳೂ ಅಲ್ಲೇ ನಿಂತವು.

ಎಷ್ಟು ಹೊತ್ತು ಹಾಗಿತ್ತೋ. ಮೇಲ್ವಿಚಾರಕರು ಹತ್ತಿರ ಬಂದು, "ಯಾಕಮ್ಮ, ಮಷೀನು ಕೆಟ್ಟಿದೆಯಾ?" ಎಂದು ಕೇಳಿದರು.

"ಇಲ್ಲರೀ. ಮಷೀನು ಛಲೋ ಐತಿ," ಎಂದಳು.

ಆ ಒಂದು ಮಾತು ಹೊರಗೆ ಬಂದದ್ದೇ ಸಾಕಾಯಿತು. ಮಾತಿನ ಬೆನ್ನಿಗೇ ಕೈ ಸಡಿಲಾಯಿತು. ಕಣ್ಣನ್ನು ಪ್ರಶ್ನೆಪತ್ರಿಕೆಗೆ ನೆಟ್ಟಳು, ಮತ್ತೆ ಕೆಳಗೆ ನೋಡಲಿಲ್ಲ. ಕೊನೆಯ ಗಂಟೆಯಾದಾಗ ಕೊನೆಯ ವಾಕ್ಯದ ಎರಡು ಶಬ್ದ ಉಳಿದಿದ್ದವು.

ಪಾಸಾಗಲು ಬೇಕಾದುದಕ್ಕಿಂತ ಮೂರು ಅಂಕ ಹೆಚ್ಚು ಬಂದಿತ್ತು. ಫಲಿತಾಂಶದ ಹಾಳೆ ಹಿಡಿದು ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ನಿಂತು ಅತ್ತಳು. ಮಾಸ್ತರರು ಆರನೆಯ ವಹಿ ತೆರೆದು ಅವಳ ಹೆಸರಿನ ಮುಂದಿನ ಎರಡು ಮಾತನ್ನು ಹೊಡೆದು ಹಾಕಿದರು. ಬೇರೆ ಏನನ್ನೂ ಬರೆಯಲಿಲ್ಲ. ಆಮೇಲೆ ಬಂದವರ ಹೆಸರಿನ ಮುಂದೆ ಒಂದು ತಿಂಗಳವರೆಗೆ ಜಾಗ ಖಾಲಿ ಬಿಡುವುದನ್ನು ರೂಢಿ ಮಾಡಿಕೊಂಡರು. ಕೆಲವರ ಮುಂದೆ ಅದು ಕೊನೆಗೂ ಖಾಲಿಯೇ ಉಳಿಯುತ್ತಿತ್ತು.

ಮುಂದಿನದು ಎಲ್ಲ ಟೈಪ್‌ರೈಟರುಗಳ ಕಥೆ. ಕಂಪ್ಯೂಟರು ಬಂತು, ಬ್ಯಾಚುಗಳು ಸಣ್ಣವಾದವು, ಒಂದು ಬೇಸಿಗೆಯಲ್ಲಿ ಶಾಲೆಗೆ ಬೀಗ ಬಿತ್ತು. ಹದಿಮೂರು ಯಂತ್ರಗಳು ಗುಜರಿಗೆ ಹೋದವು. ನನ್ನನ್ನು ಮಾತ್ರ ಮಾಸ್ತರರು ಮನೆಗೆ ತಂದು ಪಡಸಾಲೆಯ ಮೇಜಿನ ಮೇಲೆ ಇಟ್ಟುಕೊಂಡರು. ಯಾಕೆ ಎಂದು ಹೆಂಡತಿ ಶಂಕ್ರವ್ವ ಕೇಳಿದ್ದಕ್ಕೆ ಆ ಹಳೆಯ ಟವೆಲ್ಲನ್ನು ತಂದು ನನ್ನ ಮೇಲೆ ಹೊದಿಸಿದರು.

ಅರವತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ತಿಳಿವಳಿಕೆ ಮಾತ್ರ ಮೊದಲಿನಂತೆಯೇ ಇತ್ತು. ಏನಾದರೂ ಬೇಕಾದರೆ ಎಡಗೈಯಿಂದ ಸನ್ನೆ ಮಾಡುವರು. ಶಂಕ್ರವ್ವನಿಗೆ ನೀರೆಂದು ತಿಳಿಯುವುದು, ಅವರು ಕೇಳಿದ್ದು ಪೇಪರು ಆಗಿರುತ್ತಿತ್ತು. ಸಿಟ್ಟು ಬಂದು ಲೋಟ ತಳ್ಳುವರು. ಎಡಗೈಗೆ ಪೆನ್ನು ಕೊಟ್ಟು ನೋಡಿದರೆ ಅಕ್ಷರ ಮೂಡಲಿಲ್ಲ. ಕೊನೆಗೆ ಸನ್ನೆ ಮಾಡುವುದನ್ನೂ ಬಿಟ್ಟರು.

ಸುದ್ದಿ ಕೇಳಿ ದ್ರಾಕ್ಷಾಯಣಿ ಬಂದಳು. ಆಗ ಅವಳು ಅದೇ ಕಚೇರಿಯಲ್ಲಿ ಹಿರಿಯ ಗುಮಾಸ್ತೆ, ಕೂದಲು ಅರ್ಧ ಬೆಳ್ಳಗಾಗಿತ್ತು. ಮಾಸ್ತರರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮುಂದಿನ ಭಾನುವಾರ ಹೊಸ ರಿಬ್ಬನ್ ಎಲ್ಲಿಂದಲೋ ಹುಡುಕಿ ತಂದು ಏರಿಸಿದಳು.

"ಎಡಗೈ ಐತಲ್ಲರೀ ಮಾಸ್ತರ. ಬಾಯಿಲೆ ಹೇಳಾಕ ಬರದಿದ್ರ ಇದರಾಗ ಹೇಳ್ರಿ," ಎಂದಳು.

ಆದರೆ ಅವರ ಎಡಗೈಗೆ ಬಲಗಡೆಯ ಕೀಲಿಗಳ ಗುರುತಿಲ್ಲ. ಅವಳು ತನಗೆ ಫಲಿಸಿದ ಪಾಠವನ್ನೇ ಅವರಿಗೂ ಮಾಡಿದಳು. ಕೀಲಿಗಳನ್ನು ಮುಚ್ಚಿದಳು, ಎದುರು ಕುಳಿತು ಊರ ಸುದ್ದಿ ಹೇಳಿದಳು. ಅವರ ಕೈ ಎತ್ತೆತ್ತಲೋ ಹೋಗಿ ಬಿತ್ತು. ಮುಚ್ಚಿದ್ದನ್ನು ತೆಗೆದು ಬಣ್ಣದ ನಕ್ಷೆ ಬರೆದು ಎದುರಿಗೆ ಹಿಡಿದಳು, ಆಗಲಿಲ್ಲ. ಪಟ್ಟಿ ಹಿಡಿದು ತಾಳ ಹಾಕಿದಳು, ಅದೂ ಆಗಲಿಲ್ಲ. ಮೂರು ಭಾನುವಾರ ಹೋದವು. ನಾಲ್ಕನೆಯ ಭಾನುವಾರ ಅವರು ಕೈಯನ್ನು ಮಡಿಲಲ್ಲಿಟ್ಟುಕೊಂಡು ಮುಖ ತಿರುಗಿಸಿದರು.

"ಇರಲಿ ಬಿಡ್ರಿ. ಚಾ ಕುಡಿಯೂಣು," ಎಂದು ಅವಳು ಎದ್ದು ಶಂಕ್ರವ್ವನ ಜೊತೆ ಒಳಗೆ ಹೋದಳು.

ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಅವರು ಬಹಳ ಹೊತ್ತು ನನ್ನನ್ನು ನೋಡಿದರು. ಆಮೇಲೆ ಎಡಗೈಯ ನಡುಬೆರಳು ಬಂದು ಒಂದು ಕೀಲಿಯ ಮೇಲೆ ಕೂತಿತು. ಒತ್ತಲಿಲ್ಲ, ಸವರಿತು. ಪಕ್ಕದ್ದಕ್ಕೆ ಸರಿಯಿತು. ಮುಂದಿನದಕ್ಕೆ ಹೋಯಿತು. ಮೂವತ್ತು ವರ್ಷ ಬೇರೆಯವರ ಬೆನ್ನ ಹಿಂದೆ ನಿಂತು ಕಲಿಸಿದ ಮನುಷ್ಯ ಅವರು. ಎದುರಿಗೆ ಒಬ್ಬರು ಕುಳಿತು ನೋಡುತ್ತಿದ್ದರೆ ಅವರಿಗೆ ಕಲಿಯಲು ಬರುತ್ತಿರಲಿಲ್ಲ. ಒಂದು ಅಕ್ಷರ ಬಿತ್ತು. ತಡೆದು ಇನ್ನೊಂದು ಬಿತ್ತು.

ದ್ರಾಕ್ಷಾಯಣಿ ಚಹಾದ ಕಪ್ಪು ಬಸಿ ಹಿಡಿದು ಬಂದಾಗ ಹಾಳೆಯ ಮೇಲೆ ಒಂದೇ ಒಂದು ಶಬ್ದವಿತ್ತು. ಅಕ್ಷರಗಳು ಒಂದು ಮೇಲೆ ಒಂದು ಕೆಳಗೆ ಕೂತಿದ್ದವು.

ನೋಡಬ್ಯಾಡ.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಕಪ್ಪನ್ನು ಅವರ ಎಡಗೈಗೆ ನಿಲುಕುವಲ್ಲಿ ಇಟ್ಟಳು. ತನ್ನ ಕುರ್ಚಿಯನ್ನು ಎತ್ತಿ ಬಾಗಿಲ ಕಡೆಗೆ ತಿರುಗಿಸಿ, ನಮಗೆ ಬೆನ್ನು ಹಾಕಿ ಕುಳಿತಳು.

ಆ ಮೇಲೆ ಮಾಸ್ತರರು ಮೂರು ವರ್ಷ ಬದುಕಿದ್ದರು. ಪ್ರತಿ ಭಾನುವಾರ ಅವಳು ಬಂದು ಹಾಗೆಯೇ ಕೂರುತ್ತಿದ್ದಳು, ಅವರು ಒಂದು ವಾರದ ಮಾತನ್ನೆಲ್ಲ ಬರೆಯುತ್ತಿದ್ದರು. ಈಗ ನನ್ನ ರಿಬ್ಬನ್ ಒಣಗಿದೆ, ರೋಲರು ಗಟ್ಟಿಯಾಗಿದೆ. ಶಂಕ್ರವ್ವ ವಾರಕ್ಕೊಮ್ಮೆ ಧೂಳು ಒರೆಸುತ್ತಾಳೆ. ನನ್ನ ಮೇಲೆ ಕೈಯಿಟ್ಟವರು ಎಷ್ಟು ಮಂದಿ ಎಂದು ನಾನು ಎಣಿಸಿಲ್ಲ. ಎಲ್ಲರೂ ಹೊಡೆದದ್ದು ಅವೇ ಅಕ್ಷರಗಳನ್ನು. ಅವುಗಳ ಹತ್ತಿರ ಬರಲು ಮಾತ್ರ ಒಬ್ಬೊಬ್ಬರಿಗೆ ಹಿಡಿದ ಕಾಲ ಬೇರೆ, ಬಂದ ದಾರಿ ಬೇರೆ. ತಪ್ಪು ದಾರಿ ಎನ್ನುವಂಥ ದಾರಿಯಲ್ಲಿ ಬಂದವರನ್ನು ನಾನು ಕಂಡಿಲ್ಲ. ಅಕ್ಷರ ಕೈಗೆ ಬರುವವರೆಗೆ ಕಾಯದೆ ಎದ್ದುಹೋದವರನ್ನು ಮಾತ್ರ ಕಂಡಿದ್ದೇನೆ.