ಎರಡು ಪೆಡಲ್‌ಗಳ ಜಾಗ

ಸೊರಬದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಕಾಲಕ್ಕೆ ಅಕ್ಕಿ ಗಿರಣಿಯಾಗಿದ್ದ ಉದ್ದನೆಯ ಕೋಣೆಯಲ್ಲಿ ಗಂಗಾಶ್ರೀಯ ಗಿಟಾರು ಬೆಂಚಿನ ಮೇಲೆ ಬೋರಲು ಬಿದ್ದಿತ್ತು. ಅದರ ಕಾಲುಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಹೊಟ್ಟೆಯೊಳಗಿನ ಕಂಬಿ, ಸ್ಪ್ರಿಂಗು, ತಿರುಪುಗಳೆಲ್ಲ ಹೊರಗೆ ಕಾಣುತ್ತಿದ್ದವು. ಅದನ್ನು ಕಟ್ಟಿದ ಕಮಲಾಕರ ಕನ್ನಡಕವನ್ನು ಹಣೆಗೇರಿಸಿ ವಾದ್ಯದ ಮೇಲೆ ಬಾಗಿದ್ದವರು ತಲೆ ಎತ್ತದೆಯೇ ಹೇಳಿದರು.

"ಜಾಗ ಇರೋದು ಇನ್ನೆರಡು ಪೆಡಲ್‌ಗೆ ಮಾತ್ರ. ಈಗಿರೋವುಗಳ ಎಡಕ್ಕೊಂದು, ಬಲಕ್ಕೊಂದು. ಮೂರನೇದು ಹಾಕಿದ್ರೆ ನಿಮ್ಮ ಕಾಲಿಗೆ ಎಟುಕೋದಿಲ್ಲ. ಯಾವ ಎರಡು ಅಂತ ನೀವೇ ಹೇಳ್ಬೇಕು."

ಗಂಗಾಶ್ರೀ ಸ್ಟೂಲಿನ ಮೇಲೆ ಕೂತು ಎಡಮೊಣಕಾಲನ್ನು ನೀವಿಕೊಳ್ಳುತ್ತಿದ್ದಳು. ಅದು ಶನಿವಾರ ಬೆಳಿಗ್ಗೆ. ಮರುದಿನ ಸಂಜೆ ಶಿಕಾರಿಪುರದ ಮನೆಯಲ್ಲಿ ತಾಲೀಮು, ಸೋಮವಾರ ಕಾರ್ಯಕ್ರಮ. ತಾಲೀಮಿನಲ್ಲಿ ನುಡಿಸಿ ತೋರಿಸದಿದ್ದರೆ ಅವಳ ಜಾಗದಲ್ಲಿ ಕೀಬೋರ್ಡಿನ ನಾಗರಾಜ ಕೂರುತ್ತಾನೆಂದು ಅತ್ತೆ ಮಹಾದೇವಮ್ಮ ಮೊದಲೇ ಹೇಳಿಬಿಟ್ಟಿದ್ದರು. ಒಮ್ಮೆ ಕೂತವನನ್ನು ಎಬ್ಬಿಸುವುದು ಕಷ್ಟವೆಂದು ಹೇಳದಿದ್ದರೂ ಗಂಗಾಶ್ರೀಗೆ ಗೊತ್ತಿತ್ತು.

ಪೆಡಲ್ ಸ್ಟೀಲ್ ಗಿಟಾರ್ ಎಂದರೆ ಶಿಕಾರಿಪುರದಲ್ಲಿ ಯಾರಿಗೂ ತಿಳಿಯದು. 'ಗಂಗಾಶ್ರೀಯ ಮೇಜು' ಎಂದರೆ ತಿಳಿಯುತ್ತದೆ. ಮೇಜಿನಂಥದೇ ಮರದ ಹಲಗೆ, ಮೇಲೆ ಹತ್ತು ತಂತಿ. ಬಲಗೈ ಬೆರಳು ಮೀಟುತ್ತದೆ, ಎಡಗೈ ಬಾರು ಎನ್ನುವ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತದೆ. ಮಾಮೂಲಿ ಸ್ಟೀಲ್ ಗಿಟಾರಿನಲ್ಲಿ ಬಾರು ಜಾರಿದರೆ ಎಲ್ಲ ತಂತಿಗಳ ಸ್ವರವೂ ಒಟ್ಟಿಗೇ ಜಾರುತ್ತದೆ. ಇದರಲ್ಲಿ ಹಾಗಲ್ಲ. ಕೆಳಗಿನ ಪೆಡಲನ್ನು ಪಾದದಿಂದ ಒತ್ತಿದರೆ, ಇಲ್ಲವೇ ಹಲಗೆಯಡಿಯ ಲಿವರನ್ನು ಮೊಣಕಾಲಿನಿಂದ ತಳ್ಳಿದರೆ, ಬೇಕಾದ ತಂತಿ ಮಾತ್ರ ಏರುತ್ತದೆ ಅಥವಾ ಇಳಿಯುತ್ತದೆ; ಉಳಿದವು ಇದ್ದಲ್ಲೇ ಮೊಳಗುತ್ತಿರುತ್ತವೆ.

ಪಾಲಿಟೆಕ್ನಿಕ್‌ನಲ್ಲಿ ಮೇಷ್ಟರಾಗಿದ್ದ ಕಮಲಾಕರ ನಿವೃತ್ತಿಯ ನಂತರ ಹಟ ಹಿಡಿದು ಕಟ್ಟಿದ ವಾದ್ಯ ಅದು. ಕಟ್ಟಿದರೂ ನುಡಿಸುವವರಿರಲಿಲ್ಲ. ತಂದೆಯಿಂದ ಮಾಮೂಲಿ ಸ್ಟೀಲ್ ಗಿಟಾರ್ ಕಲಿತಿದ್ದ ಗಂಗಾಶ್ರೀ ಒಂದು ದಿನ ಹಾರ್ಮೋನಿಯಂ ರಿಪೇರಿಗೆಂದು ಬಂದವಳು ಅದರ ಮುಂದೆ ಕೂತಳು, ಮತ್ತೆ ಏಳಲಿಲ್ಲ. ಆಮೇಲೆ ಅತ್ತೆಯ ವಚನಗಾಯನದ ತಂಡದಲ್ಲಿ ಆ ಮೇಜಿಗೆ ಖಾಯಂ ಜಾಗವಾಯಿತು. ಮಹಾದೇವಮ್ಮ ಹಾಡಲಿಕ್ಕೆ, ಮಗ ಕೊಟ್ರೇಶ್ ತಬಲಾಗೆ, ಸೊಸೆ ಗಿಟಾರಿಗೆ.

ಹೋದ ವರ್ಷ ಮೆಕ್ಕೆಜೋಳದ ಸುಗ್ಗಿಯಲ್ಲಿ ಗಂಡಹೆಂಡತಿ ಬೈಕಿನಲ್ಲಿ ಬರುತ್ತಿದ್ದರು. ತಾಳಗುಂದದ ಹತ್ತಿರ ಟಾರು ರಸ್ತೆಯ ಮೇಲೆ ಒಣಹಾಕಿದ್ದ ಕಾಳಿನ ಮೇಲೆ ಚಕ್ರ ಜಾರಿತು. ಓಡಿಸುತ್ತಿದ್ದ ಕೊಟ್ರೇಶನಿಗೆ ಮೈ ತರಚಿದ್ದಷ್ಟೇ. ಬೈಕು ಬಿದ್ದದ್ದು ಗಂಗಾಶ್ರೀಯ ಎಡಮೊಣಕಾಲಿನ ಮೇಲೆ. ಆಪರೇಷನ್ ಆಯಿತು, ನಡೆಯುವಂತಾದಳು. ಪಾದವನ್ನು ನೇರ ಕೆಳಗೆ ಒತ್ತಬಹುದು, ಆದರೆ ಮೊಣಕಾಲನ್ನು ಅಕ್ಕಪಕ್ಕಕ್ಕೆ ತಳ್ಳುವ, ಮೇಲೆತ್ತಿ ಒತ್ತುವ ಕೆಲಸ ಇನ್ನು ಬೇಡವೆಂದರು ಡಾಕ್ಟರು.

ಎಡಮೊಣಕಾಲಿಗಿದ್ದ ಲಿವರುಗಳು ಮೂರು. ಒಂದು ಷಡ್ಜವನ್ನು ನಿಷಾದಕ್ಕೆ ಇಳಿಸುವುದು, ಒಂದು ಷಡ್ಜವನ್ನು ಕೋಮಲ ರಿಷಭಕ್ಕೆ ಏರಿಸುವುದು, ಒಂದು ಪಂಚಮವನ್ನು ತೀವ್ರ ಮಧ್ಯಮಕ್ಕೆ ಇಳಿಸುವುದು. ಆ ಕೆಲಸಗಳನ್ನೆಲ್ಲ ಈಗ ಪಾದಕ್ಕೆ ಒಪ್ಪಿಸಬೇಕಿತ್ತು. ಕೆಲಸ ಮೂರು, ಜಾಗ ಎರಡು.

"ನನ್ನ ಕೇಳಿದ್ರೆ ನಿಷಾದ ಬೇಕೇ ಬೇಕು, ಅದರಲ್ಲಿ ಮಾತಿಲ್ಲ," ಎಂದರು ಕಮಲಾಕರ. "ಇನ್ನೊಂದು ಕೋಮಲ ರಿಷಭ. ನಿಮ್ಮ ಅತ್ತೆ ಕಾರ್ಯಕ್ರಮ ಮುಗ್ಸೋದೇ ಭೈರವಿಯಲ್ಲಿ ಅಲ್ವಾ? ಭೈರವಿಗೆ ಆ ರಿಷಭ ಇಲ್ಲದೆ ಹೇಗೆ? ತೀವ್ರ ಮಧ್ಯಮ ಬಿಟ್ರೆ ಯಮನ್‌ನಲ್ಲಿ ಒಂದೆರಡು ಕಡೆ ತೊಂದರೆ ಆಗ್ಬಹುದು. ಅಷ್ಟೇ."

"ಎಲ್ಲಾನೂ ಒಂದ್ಸಲ ಕಾಲಲ್ಲಿ ನೋಡ್ತೀನಿ ಸರ್. ಆಮೇಲೆ ಹೇಳ್ತೀನಿ."

ಕಮಲಾಕರ ನಿಟ್ಟುಸಿರು ಬಿಟ್ಟರು. ಹಾಗೆ ನೋಡಬೇಕೆಂದರೆ ವಾದ್ಯಕ್ಕೆ ಕಾಲು ಜೋಡಿಸಿ ನಿಲ್ಲಿಸಿ, ಒಂದು ಪೆಡಲ್ ಜೋಡಿಸಿ, ಅದರ ಕಂಬಿಯನ್ನು ಒಂದಾದ ಮೇಲೊಂದರಂತೆ ಮೂರು ಕಡೆಗೂ ಬದಲಿಸುತ್ತ ಹೋಗಬೇಕು. ಆದರೂ ಬೇಡವೆನ್ನಲಿಲ್ಲ.

ನಿಷಾದ ಸರಿಯಾಗಿಯೇ ಬಂತು. ಒತ್ತಿದರೆ ಇಳಿಯಿತು, ಬಿಟ್ಟರೆ ಷಡ್ಜಕ್ಕೆ ಮರಳಿತು. ಆಮೇಲೆ ಕೋಮಲ ರಿಷಭದ ಸರದಿ. ಗಂಗಾಶ್ರೀ ತಂತಿ ಮೀಟಿ ಪಾದ ಒತ್ತಿದಳು. ಸ್ವರ ಒಮ್ಮೆಗೇ ಎಗರಿ ಮೇಲೆ ಹೋಗಿ ಕೂತಿತು. ಭೈರವಿಯ ರಿಷಭ ಹಾಗೆ ಎಗರುವಂಥದ್ದಲ್ಲ. ಅರ್ಧದಲ್ಲಿ ತಡೆದು, ತೂಗಿ, ಬೇಕೋ ಬೇಡವೋ ಎನ್ನುವಂತೆ ಮೇಲೇರಬೇಕು. ಮೊಣಕಾಲು ಅದನ್ನು ಲೀಲಾಜಾಲವಾಗಿ ಮಾಡುತ್ತಿತ್ತು. ಮತ್ತೆ ಒತ್ತಿದಳು, ಇನ್ನೂ ನಿಧಾನವಾಗಿ. ಅರ್ಧಕ್ಕೆ ಬಂದ ಪಾದ ಅಲ್ಲಿ ನಿಲ್ಲಲಿಲ್ಲ.

ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿ ಅದೇ. ಆಪರೇಷನ್ ಆದಮೇಲೆ ಎಡಪಾದ ಪೂರ್ತಿ ಒತ್ತುತ್ತದೆ, ಪೂರ್ತಿ ಬಿಡುತ್ತದೆ. ನಡುವೆ ಹಿಡಿದು ನಿಲ್ಲಿಸಲು ಹೋದರೆ ಸಣ್ಣಗೆ ನಡುಗುತ್ತದೆ. ಹೊರಗೆ ಕಾಣುವಷ್ಟಲ್ಲ. ಹೇಳಿದರೆ ಗಿಟಾರೇ ಬೇಡವೆನ್ನುತ್ತಾರೆಂದು ಸುಮ್ಮನಿದ್ದಳು.

ಮಧ್ಯಾಹ್ನದ ಹೊತ್ತಿಗೆ ಕೊಟ್ರೇಶ್ ಕಾರು ತೆಗೆದುಕೊಂಡು ಬಂದ. ಒಳಗೆ ಬಂದವನು ವಾದ್ಯವನ್ನೂ ಹೆಂಡತಿಯ ಮುಖವನ್ನೂ ನೋಡಿ ಬಾಗಿಲ ಬಳಿಯೇ ನಿಂತ. ಅಪಘಾತದ ನಂತರ ಅವನು ಅವಳು ನುಡಿಸುವಾಗ ಎದುರಿಗೆ ಕೂರುವುದನ್ನು ಬಿಟ್ಟಿದ್ದ.

"ಇನ್ನೂ ಆಗಿಲ್ವಾ?"

"ಕೊಟ್ರೇಶ್, ಬಂದದ್ದು ಒಳ್ಳೇದಾಯ್ತು," ಎಂದರು ಕಮಲಾಕರ. "ಒಂಚೂರು ಕೆಳಗೆ ಕೂತು ಈ ಕಂಬಿ ಹಿಡ್ಕೊಳ್ಳಿ. ಎಲ್ಲೋ ಉಜ್ತಿದೆ ಅಂತ ನನಗೆ ಅನುಮಾನ. ಅವರು ಒತ್ತುವಾಗ ಕೈಗೆ ಏನು ಗೊತ್ತಾಗ್ತದೆ ಹೇಳಿ."

ಬೇಡವೆನ್ನಲು ಗಂಗಾಶ್ರೀಗೆ ಕಾರಣ ಹೊಳೆಯಲಿಲ್ಲ. ಕೊಟ್ರೇಶ್ ಮಂಡಿಯೂರಿ ಹಲಗೆಯ ಕೆಳಗೆ ಕೈಹಾಕಿದ. ತಬಲಾ ಬಾರಿಸುವ ಬೆರಳು, ಚರ್ಮದ ಮೇಲಿನ ಕೂದಲಿನಷ್ಟು ವ್ಯತ್ಯಾಸವೂ ಅದಕ್ಕೆ ತಿಳಿಯುತ್ತದೆ. ಅವಳು ಒತ್ತಿದಳು. ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಒತ್ತಿಬಿಡಲು ನೋಡಿದಳು.

"ಹಂಗಲ್ಲ, ನಿಧಾನಕ್ಕೆ," ಎಂದರು ಕಮಲಾಕರ. "ಭೈರವಿಗೆ ಒತ್ತುವ ಹಾಗೆ."

ಅವಳು ನಿಧಾನಕ್ಕೆ ಒತ್ತಿದಳು.

"ನಡುಗ್ತಾ ಐತಿ," ಎಂದ ಕೊಟ್ರೇಶ್.

"ಸ್ಪ್ರಿಂಗು ಹೊಸದು, ಅದಕ್ಕೇ," ಎಂದಳು ಗಂಗಾಶ್ರೀ.

ಸ್ಪ್ರಿಂಗು ಹಳೆಯದೇ ಎಂದು ಕಮಲಾಕರರಿಗೆ ಗೊತ್ತಿತ್ತು. ಚಹಾ ಆಗಿದೆಯೋ ನೋಡಿ ಬರುತ್ತೇನೆಂದು ಮನೆಯ ಕಡೆ ಹೊರಟುಹೋದರು.

ಕೊಟ್ರೇಶ್ ಕೆಳಗಿನಿಂದ ಎದ್ದ. "ಸ್ಪ್ರಿಂಗಲ್ಲ. ಎಷ್ಟು ದಿನದಿಂದ ಐತಿ ಇದು?"

"ಮೊದಲಿಂದ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ರಿ? ಬಿಟ್ಟುಬಿಡು ಅಂತಿದ್ರಿ."

"ಈಗ್ಲೂ ಅದನ್ನೇ ಅಂತೀನಿ. ಬಿಟ್ಟುಬಿಡು ಗಂಗಾ. ನಿಮ್ಮಪ್ಪ ಕಲಿಸಿದ ಗಿಟಾರ್ ಐತಲ್ಲ, ತೊಡೆ ಮೇಲಿಟ್ಕೊಂಡು ನುಡ್ಸು. ಕಾಲಿಗೆ ಕೆಲಸಾನೇ ಇಲ್ಲ." ಅವನು ಅವಳ ಎಡಗಾಲಿನ ಕಡೆ ಕೈ ತೋರಿಸಿದ. "ನೀನು ಆ ಕಾಲು ಊರಿದಾಗೆಲ್ಲ ನನಗೆ ಅವತ್ತು ರೋಡ್ ಮೇಲೆ ಕೇಳಿದ ಸದ್ದೇ ಕೇಳಿಸ್ತದೆ. ತಾಳ ತಪ್ಪಿಹೋಗ್ತದೆ ನನಗೆ."

ಗಂಗಾಶ್ರೀ ಬಾರನ್ನು ತಂತಿಯ ಮೇಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಎರಡರಲ್ಲಿ ಯಾವುದನ್ನೂ ಹೊರಬಿಡಬಾರದೆಂದು ತಡೆದು ಮಾತಾಡಿದಳು.

"ಕಾಲು ನಂದು ರೀ. ಬಿದ್ದಿದ್ದು ನಿಮ್ಮ ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ. ಆದ್ರೆ ನಿಮ್ಮ ಸಂಕಟಕ್ಕೆ ನಾನು ಈ ವಾದ್ಯ ಬಿಡಬೇಕು ಅಂದ್ರೆ, ಅದನ್ನ ಮಾತ್ರ ಒಪ್ಪಲ್ಲ."

ಅವನು ಬಾಗಿಲ ಕಡೆ ತಿರುಗಿದ. ಹೊರಟುಬಿಡುತ್ತಾನೆಂದೇ ಅವಳು ಅಂದುಕೊಂಡಳು. ಆದರೆ ಅವನು ಮತ್ತೆ ಮಂಡಿಯೂರಿ ಹಲಗೆಯ ಕೆಳಗೆ ಕೈಹಾಕಿದ.

"ಇನ್ನೊಂದಿತ್ತಲ್ಲ, ಮಧ್ಯಮದ್ದು. ಅದನ್ನೂ ಒತ್ತು, ನೋಡೋಣ."

ಕಮಲಾಕರ ಚಹಾ ತಂದು, ಕಂಬಿ ಬದಲಿಸಿಕೊಟ್ಟರು. ಪಂಚಮದಿಂದ ತೀವ್ರ ಮಧ್ಯಮಕ್ಕೆ ಇಳಿಯುವಲ್ಲಿ ತಡೆದು ನಿಲ್ಲಬೇಕಾದ್ದು ಏನೂ ಇರಲಿಲ್ಲ. ಷಡ್ಜ ಒಂದೇ ಸಮ ಮೊಳಗುತ್ತಿರುವಾಗ ಪಂಚಮವೊಂದೇ ನೇರ ಕೆಳಗಿಳಿಯಬೇಕು. ಪಾದ ಪೂರ್ತಿ ಒತ್ತಿತು, ಸ್ವರ ಇಳಿಯಿತು. ಕೆಳಗಿನಿಂದ ಕೊಟ್ರೇಶ್, "ಈಗ ಇಲ್ಲ. ನಡುಕ ಇಲ್ಲ," ಎಂದ.

"ನಿಷಾದ, ತೀವ್ರ ಮಧ್ಯಮ," ಎಂದಳು ಗಂಗಾಶ್ರೀ. "ಇವೆರಡೇ ಹಾಕಿ ಸರ್."

"ಭೈರವಿಗೆ ಏನು ಮಾಡ್ತೀರಿ ಮಾರಾಯ್ತಿ?"

"ರಿಷಭ ಕೈಯಲ್ಲೇ ಮಾಡ್ತೀನಿ. ಬಾರು ಜಾರಿಸ್ತೀನಿ."

"ಆಗ ಉಳಿದ ತಂತಿ ಮೀಟೋ ಹಾಗಿಲ್ಲ. ಒಂದೇ ತಂತಿ ಕೇಳ್ತದೆ. ಬೋಳು ಬೋಳು ಅನ್ನಿಸ್ತದೆ."

"ಅನ್ನಿಸ್ಲಿ."

ಕಮಲಾಕರರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆದರೂ ಸ್ಪ್ಯಾನರ್ ಕೈಗೆತ್ತಿಕೊಂಡರು. ಎಡಮೊಣಕಾಲಿನ ಲಿವರುಗಳನ್ನು ಬಿಚ್ಚಿ ಡಬ್ಬಿಯಲ್ಲಿ ಹಾಕಿದಾಗ ಗಂಗಾಶ್ರೀ ಮುಖ ಬೇರೆ ಕಡೆ ತಿರುಗಿಸಿದಳು.

ಮರುದಿನ ಸಂಜೆ ಶಿಕಾರಿಪುರದ ಮನೆಯ ಪಡಸಾಲೆಯಲ್ಲಿ ಮೇಜು ನಿಂತಿತು. ನಾಗರಾಜ ಕೀಬೋರ್ಡನ್ನು ಚೀಲದಿಂದ ತೆಗೆಯದೆ ಗೋಡೆಗೊರಗಿ ಕೂತಿದ್ದ. ಮಹಾದೇವಮ್ಮ ಚಾಪೆಯ ಮೇಲೆ ಕೂತು ಶಾಲು ಸರಿಮಾಡಿಕೊಂಡು ಸೊಸೆಯ ಕಡೆ ನೋಡಿದರು. ಮುಚ್ಚಿಟ್ಟರೆ ಕೆಡುತ್ತದೆಂದು ಗಂಗಾಶ್ರೀ ತಾನೇ ಬಾಯಿಬಿಟ್ಟಳು.

"ಅತ್ತೆ, ಕೋಮಲ ರಿಷಭದ ಪೆಡಲ್ ಹಾಕಿಸಿಲ್ಲ."

"ಹಾಡೋಕಿ ನಾನು. ನನ್ನ ಹಾಡಿಗೆ ಏನು ಬೇಕು ಅಂತ ನನ್ನ ಕೇಳಬೇಕಾಗಿತ್ತು."

"ಕೇಳಿದ್ರೆ ನೀವು ರಿಷಭ ಅಂತಿದ್ರಿ. ಹಾಕಿಸಿದ್ರೆ ನನ್ನ ಕಾಲು ಅದನ್ನ ಕೆಡಿಸ್ತಿತ್ತು. ಪಾದ ಅರ್ಧಕ್ಕೆ ನಿಲ್ಲಲ್ಲ ನಂದು, ನಡುಗ್ತದೆ."

ಮಹಾದೇವಮ್ಮ ಮಗನ ಕಡೆ ನೋಡಿದರು. ಅವನು ತಬಲಾದ ಸುತ್ತಿಗೆಯನ್ನು ಕೈಯಲ್ಲಿ ತಿರುಗಿಸುತ್ತ, ಹೌದೆಂದು ತಲೆಯಾಡಿಸಿದ.

"ಭೈರವಿನೇ ತಗೋ," ಎಂದರು ಅವರು.

ಗಂಗಾಶ್ರೀ ಬಾರು ಇಟ್ಟು ಮೀಟಿದಳು. ಅತ್ತೆಯ ದನಿ ಮೊದಲ ಸಾಲು ದಾಟಿ ರಿಷಭದ ಹತ್ತಿರ ಬಂತು. ಅಷ್ಟು ವರ್ಷದ ರೂಢಿ, ಎಡಮೊಣಕಾಲು ತನ್ನಷ್ಟಕ್ಕೆ ಪಕ್ಕಕ್ಕೆ ಸರಿದು ಇಲ್ಲದ ಲಿವರನ್ನು ಹುಡುಕಿತು. ನೋವು ತೊಡೆಯವರೆಗೆ ಏರಿತು. ಬಾರು ಎಲ್ಲೋ ಜಾರಿ, ರಿಷಭವೂ ಅಲ್ಲದ ಷಡ್ಜವೂ ಅಲ್ಲದ ಸ್ವರವೊಂದು ಪಡಸಾಲೆಯ ತುಂಬ ಹರಡಿತು.

ಮಹಾದೇವಮ್ಮ ಹಾಡು ನಿಲ್ಲಿಸಿದರು. ನಾಗರಾಜ ತನ್ನ ಚೀಲದ ಜಿಪ್ಪಿನ ಕಡೆ ನೋಡಿ ಮತ್ತೆ ಬೇರೆ ಕಡೆ ನೋಡಿದ.

"ಮತ್ತೊಮ್ಮೆ," ಎಂದರು ಮಹಾದೇವಮ್ಮ.

ಗಂಗಾಶ್ರೀ ಬೆವರು ಒರೆಸಿಕೊಂಡು ಎಡಗಾಲನ್ನು ಪೆಡಲ್‌ಗಳಿಂದ ಪೂರ್ತಿ ಹಿಂದಕ್ಕೆಳೆದು ಸ್ಟೂಲಿನ ಕಾಲಿಗೆ ಒತ್ತಿ ಇಟ್ಟಳು. ಒಂದೇ ತಂತಿ. ರಿಷಭ ಬರುವ ಮುಂಚೆ ಉಸಿರು ಬಿಗಿಹಿಡಿದು ಬಾರನ್ನು ಕೂದಲೆಳೆಯಷ್ಟು ಸರಿಸಿ, ತೂಗಿ, ಮೇಲೆ ತಂದಳು. ಕೆಳಗೆ ತುಂಬಿಕೊಡುವ ಬೇರೆ ತಂತಿಗಳಿರಲಿಲ್ಲ. ಅತ್ತೆಯ ದನಿ, ಪಕ್ಕದಲ್ಲಿ ಸಣ್ಣದೊಂದು ಎಳೆ. ಮಹಾದೇವಮ್ಮ ಕಣ್ಣು ಮುಚ್ಚಿ ಕೊನೆಯವರೆಗೂ ಹಾಡಿದರು.

"ಮೊದಲು ನೀನು ನುಡಿಸಿದ್ರೆ ದಿಂಬಿನ ಮೇಲೆ ಕುಂತಂಗೆ ಇರ್ತಿತ್ತು," ಎಂದರು ಹಾಡು ಮುಗಿದ ಮೇಲೆ. "ಈಗ ಬರೀ ನೆಲದ ಮೇಲೆ ಕುಂತಂಗೈತಿ. ನನಗೂ ವಯಸ್ಸಾತು, ದನಿ ಎಲ್ಲೆಲ್ಲಿ ಒಡೀತೈತಿ ಅನ್ನೋದು ಜನಕ್ಕೆ ಗೊತ್ತಾಗ್ತೈತಿ."

ಗಂಗಾಶ್ರೀ ತಲೆ ತಗ್ಗಿಸಿದಳು.

"ಭೈರವಿಗೆ ಮಾತ್ರ ನಾಗರಾಜ ಹಿಂದಿಂದ ಶ್ರುತಿ ತುಂಬ್ಲಿ. ಸ್ವರ ನೀನೇ ನುಡ್ಸು. ಉಳಿದಿದ್ದಕ್ಕೆಲ್ಲ ನೀನೊಬ್ಬಳೇ." ಆಮೇಲೆ ನಾಗರಾಜನ ಕಡೆ ತಿರುಗಿ, "ಬೇಜಾರಿಲ್ಲಲ್ಲಪ್ಪ?" ಎಂದರು.

"ಇಲ್ಲಮ್ಮ," ಎಂದ ನಾಗರಾಜ. ಸ್ವಲ್ಪ ಬೇಜಾರು ಇದ್ದೇ ಇತ್ತು. ಗಂಗಾಶ್ರೀಗೂ ಇತ್ತು. ಬೇರೊಬ್ಬರ ಆಸರೆಯಿಲ್ಲದೆ ನುಡಿಸುತ್ತಿದ್ದ ಹಾಡು ಅದು.

ಸೋಮವಾರ ಸಂಜೆ ಸಭಾಂಗಣ ತುಂಬಿತ್ತು. ಯಮನ್‌ನ ವಚನ ಬಂದಾಗ ಗಂಗಾಶ್ರೀ ಎಡಪಾದವನ್ನು ಹೊಸ ಪೆಡಲಿನ ಮೇಲಿಟ್ಟಳು. ಪಂಚಮ ಮೀಟಿದಳು, ಒತ್ತಿದಳು. ಷಡ್ಜ ಅಲುಗದೆ ನಿಂತಿರುವಾಗಲೇ ತೀವ್ರ ಮಧ್ಯಮ ಪಂಚಮದ ಕೆಳಗೆ ತೆರೆದುಕೊಂಡಿತು. ಮುಂದಿನ ಸಾಲಿನಲ್ಲಿದ್ದ ಯಾರೋ ಮಾತು ನಿಲ್ಲಿಸಿ ವೇದಿಕೆಯ ಕಡೆ ನೋಡಿದರು.

ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಏನೋ ಭಾರವಾದಂತೆ ಅವಳಿಗೆ ಅನ್ನಿಸಿತು. ಕಾಲಲ್ಲ. ತಬಲಾ. ಅವಳ ಪಾದ ಕೆಳಗಿಳಿಯುವ ಪ್ರತಿ ಸಲವೂ ಕೊಟ್ರೇಶ್ ಪೆಟ್ಟು ಹಾಕದೆ ಅದಕ್ಕಾಗಿ ಕೂದಲೆಳೆಯಷ್ಟು ಕಾಯುತ್ತಿದ್ದ. ಸಭೆಗೆ ತಿಳಿಯುವಂಥದ್ದಲ್ಲ, ಆದರೆ ಲಯ ತಡವಾಗಿ ಮಹಾದೇವಮ್ಮನ ಉಸಿರು ಸಾಲದೆ ಹೋಗುತ್ತಿತ್ತು. ಗಂಗಾಶ್ರೀ ಗಂಡನ ಕಡೆ ತಿರುಗಿ, ಅವನ ಕಣ್ಣು ಸಿಗುವವರೆಗೆ ನೋಡಿದಳು. ಸಿಕ್ಕಿದ ಮೇಲೆ ಕಾಯುವುದು ಬೇಡವೆಂದು ತಲೆಯಾಡಿಸಿದಳು.

ಕೊಟ್ರೇಶ್‌ನ ಮುಖ ಬಿಗಿದುಕೊಂಡಿತು. ಮುಂದಿನ ಆವರ್ತನದಲ್ಲಿ ಅವನು ಲಯವನ್ನು ಅದರ ಜಾಗಕ್ಕೆ ತಂದ. ತಾಳದ ಮೊದಲ ಪೆಟ್ಟಾದ ಸಮ್ ಬಂದಾಗ ಅವಳ ಪಾದ ಪೆಡಲನ್ನು ಪೂರ್ತಿ ಒತ್ತಿತ್ತು. ಮಹಾದೇವಮ್ಮ ಚರಣವನ್ನು ಎತ್ತಿಕೊಂಡರು.