ಟೈರಿನ ನಡುಪಟ್ಟಿ

ವಾಲ್ವು ಒತ್ತಿ ಹಿಡಿದರೆ ಉಳಿದ ಗಾಳಿಯೂ ಸುಯ್ಯೆಂದು ಹೋಗುತ್ತದೆ, ಬೆರಳ ತುದಿಗೆ ತಣ್ಣಗೆ, ಇನ್ನು ಸೈಕಲ್ಲಿನ ಹಿಂದಿನ ಟೈರಿನ ಅಂಚನ್ನು ಹಿಸುಕಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸುತ್ತ ಹೋಗಬೇಕು, ವಾಲ್ವಿನ ಕಡೆಯಿಂದ ಸಡಿಲವನ್ನೆಲ್ಲ ಎದುರು ಬದಿಗೆ ದೂಡುತ್ತ — ಅಲ್ಲಿ ಹೆಬ್ಬೆರಳು ಕೊಟ್ಟರೆ ಅಂಚು ತಾನೇ ಹತ್ತಿ ಬರುತ್ತದೆ, ಬಂತು, ಕಬ್ಬಿಣ ಮುಟ್ಟಿಸಿಲ್ಲ, ಟ್ಯೂಬಿಗೆ ಒಂದು ಗೀರಿಲ್ಲ. ಬೀದಿಯ ಆ ತುದಿಯವರು ಸ್ಕ್ರೂಡ್ರೈವರ್ ತೂರಿಸಿ ಹೊಸ ತೂತು ಮಾಡಿ ಅದಕ್ಕೂ ಪ್ಯಾಚು ಹಾಕುತ್ತಾರೆ, ನಮ್ಮಲ್ಲಿ ಹಾಗಿಲ್ಲ, ಕೈರೋದಲ್ಲಿ ಈ ಕಡೆ ಸೈಕಲ್ ಮೇಲೆ ರೊಟ್ಟಿ ಹೊರುವವರೆಲ್ಲ ಉಸ್ತಾ ಗಾಬಿರ್ ಎಂದುಕೊಂಡು ಬರುವುದು ಅದಕ್ಕೇ, ಉಸ್ತಾ ಎಂದರೆ ಮೇಸ್ತ್ರಿ, ನನ್ನಪ್ಪ, ಹೆಬ್ಬೆರಳು ಮಾತ್ರ ಈಗ ನನ್ನದು. ಚಹಾ ಹೀರುತ್ತ ಕೂತ ರೊಟ್ಟಿಯವ ಮಹರೂಸ್‌ಗೆ ಸುಮ್ಮನಿರಲು ಆಗದು, ಉಸ್ತಾ, ನಿನ್ ಮಗಳು ಇನ್ಶಿರಾಹ್‌ಗೆ ನಾಲಿಗೆ ಇದ್ಯೋ, ಅದನ್ನೂ ಬಿಚ್ಚಿ ಡಬ್ಬಿಗೆ ಹಾಕಿದೀಯೋ, ಅವಳ ಮಾತೆಲ್ಲ ಕೈಯಲ್ಲಿ ಕಣಯ್ಯ ಅನ್ನುತ್ತಾನೆ ಅಪ್ಪ, ನಾನು ತಲೆ ಎತ್ತುವುದಿಲ್ಲ, ಶಾಲೆ ಬಿಡುವವರೆಗೆ ಅಲ್ಲೂ ಎತ್ತಿದವಳಲ್ಲ, ತಲೆ ತಗ್ಗಿಸಿದವಳಿಗೆ ಚಕ್ರಗಳು ಚೆನ್ನಾಗಿ ಕಾಣುತ್ತವೆ. ಮುಂದಿನ ಟೈರನ್ನ ಗಾಜು ಕುಯ್ದುಬಿಡ್ತು ಉಸ್ತಾ, ಹಿಂದಕ್ಕೆ ಹೊಸದು ಹಾಕು, ಈ ಹಿಂದಿನದನ್ನೇ ಮುಂದಕ್ಕೆ ಹಾಕ್ಬಿಡು, ಮುಂದೇನು ಭಾರ, ಭಾರ ಎಲ್ಲ ನನ್ ತಲೆ ಮೇಲೆ, ಅನ್ನುತ್ತಾನೆ ಮಹರೂಸ್. ಅಪ್ಪ ಟೈರು ಇಸಿದುಕೊಂಡ, ಕಣ್ಣಿಗೆ ಪೊರೆ ಬಂದಿದೆ, ಎರಡೂ ಪಕ್ಕ ಅದುಮಿ ನೋಡಿದ, ಗಟ್ಟಿ ಇದೆ, ಹಾಕು ಮಗಳೇ, ಬೇಸಿಗೆ ಕಳೆಯುತ್ತೆ. ಪಕ್ಕ ಗಟ್ಟಿ ಇರದೆ ಏನು, ರೊಟ್ಟಿ ಹೊರುವವನು ತಿರುವಿನಲ್ಲೂ ವಾಲುವುದಿಲ್ಲ, ತಲೆಯ ಮೇಲೆ ಮಂಚದಷ್ಟು ಉದ್ದದ ಹಲಗೆ, ಹಬೆಯಾಡುವ ರೊಟ್ಟಿ, ಒಂದು ಕೈ ಅದಕ್ಕೆ, ಒಂದು ಹ್ಯಾಂಡಲಿಗೆ, ಬೆನ್ನು ನೆಟ್ಟಗೆ, ಸವೆಯುವುದೆಲ್ಲ ನಡುವೆ, ಬೆರಳಗಲ — ಇದನ್ನು ಹೇಳಿಕೊಟ್ಟವನೇ ಅಪ್ಪ, ಈಗ ಅವನ ಬೆರಳ ತುದಿಯೇ ರಬ್ಬರಿನಷ್ಟು ದಪ್ಪ. ನಡುಪಟ್ಟಿಯ ಮೇಲೆ ಬೆರಳಾಡಿಸುತ್ತೇನೆ, ನುಣುಪು, ನುಣುಪು, ಒರಟು, ರಬ್ಬರು ಸವೆದು ಒಳಗಿನ ಬಿಳಿ ನೂಲು, ಒಂದೇ ಕೈಯಲ್ಲಿ ಹಿಂದಿನ ಬ್ರೇಕು ಹಿಡಿದೂ ಹಿಡಿದೂ ನೆಲಕ್ಕೆ ಉಜ್ಜಿದ ಜಾಗ. ಹಿಂದೆ ಒಡೆದರೆ ಕಾಲೂರಬಹುದು, ಮುಂದೆ ಒಡೆದರೆ ಹ್ಯಾಂಡಲು ತಿರುಚಿ, ಬಸ್ಸುಗಳ ನಡುವೆ, ಮುಖವೇ ಮೊದಲು ನೆಲಕ್ಕೆ. ಹೇಳಿದರೆ ಗಿರಾಕಿಯ ಎದುರು ಅಪ್ಪನ ಮಾತು ಬೀಳುತ್ತದೆ, ನಾಳೆ ರೊಟ್ಟಿ ಭಟ್ಟಿಯ ಮುಂದೆ ಗಾಬಿರ್ ಕತೆ ಮುಗೀತು ಬಿಡ್ರೋ ಅನ್ನುತ್ತಾರೆ — ಬೇಗ ಕಣಮ್ಮ, ರೊಟ್ಟಿ ಆರೋಗುತ್ತೆ, ಮಹರೂಸ್ ಲೋಟ ಕೆಳಗಿಟ್ಟ. ಹಾಕಲಾರೆ, ಈ ಕೈಯಿಂದ ಹಾಕಲಾರೆ, ಟೈರನ್ನು ಮೊಣಕಾಲ ಮೇಲೆ ಬಾಗಿಸಿದೆ, ಸೀಳು ಬಿಟ್ಟುಕೊಂಡಿತು, ಬಿಳಿ ನೂಲು, ಅಪ್ಪನ ಬೆರಳು ಹಿಡಿದು ಅದರ ಮೇಲಿಟ್ಟೆ, ನಡುವೆ ನೋಡು ಅಂತ ನೀನೇ ಹೇಳ್ಕೊಟ್ಟಿದ್ದು ಅಪ್ಪ — ನನ್ನ ದನಿಯೇ ಅದು, ತಲೆಯೂ ಮೇಲೆದ್ದಿತ್ತು, ಮಹರೂಸ್‌ನ ಮೀಸೆಯಲ್ಲಿ ನರೆ ಇರುವುದನ್ನು ಮೊದಲ ಸಲ ಕಂಡೆ, ಅವನು ಬಗ್ಗಿ ನೋಡುತ್ತಿದ್ದಾನೆ, ನಗುತ್ತಿಲ್ಲ, ಅಪ್ಪ ಬೆರಳು ತೆಗೆಯುವುದಿಲ್ಲ, ಬಿಳಿ ನೂಲು, ಅದರ ಮೇಲೆ ಅಪ್ಪನ ಬೆರಳು, ಬಿಳಿ ನೂಲು — ಮುಂದಕ್ಕೂ ಇನ್ನೊಂದು ಹೊಸ ಟೈರ್ ಇಳಿಸಿಕೊಡಿ ಯಾರಾದ್ರೂ, ಅಂದೆ ನಾನು