ಒಸಡಿನ ರಕ್ತ

ಹಲ್ಲುಜ್ಜಿ ಉಗುಳಿದಾಗ ಬಚ್ಚಲಿನ ಬಿಳಿ ನೆಲದ ಮೇಲೆ ಕೆಂಪು ಹರಡಿತು. ಕಳೆದ ಬಾರಿ ಹೊಟ್ಟೆಯಲ್ಲಿದ್ದ ಮಗು ಹೋದದ್ದೂ ಇದೇ ನೆಲದ ಮೇಲೆ. ಹಾಗಾಗಿ ಒಸಡಿನಲ್ಲಿ ರಕ್ತ ಬರಲು ಶುರುವಾದಾಗ ಅದು ಕಣ್ಣಿಗೆ ಬೀಳಬಾರದೆಂದು ಬ್ರಶ್ ಮುಟ್ಟುವುದನ್ನೇ ಬಿಟ್ಟಿದ್ದೆ. ಅಂದು ದವಡೆ ನೋವು ತಾಳಲಾರದೆ ಮತ್ತೆ ಉಜ್ಜಿದ್ದೆ. ಒಂದು ಚೊಂಬು ನೀರು ಸುರಿದು, ಪೂರ್ತಿ ಹೋಯಿತೇ ಎಂದು ನೋಡದೆ ಹೊರಗೆ ಬಂದೆ.

ನನ್ನ ಹಿಂದೆಯೇ ಗಂಡ ಬಚ್ಚಲಿಗೆ ಹೋದರು. ಅವರು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಆಮೇಲೆ ನಾನು ಡಾಕ್ಟರ ಹತ್ತಿರ ಹೋಗಿ ಬರುತ್ತೇನೆಂದಾಗ ಅವರು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ, ಯಾವ ಡಾಕ್ಟರೆಂದೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಐದು ತಿಂಗಳು ತುಂಬಿದರೂ ಈ ಬಸಿರಿನ ಬಗ್ಗೆ ನಾವಿಬ್ಬರೂ ಬಾಯಿಬಿಟ್ಟು ಮಾತಾಡಿರಲಿಲ್ಲ.

ಬಸಿರಿನಲ್ಲಿ ಒಸಡು ಊದಿಕೊಳ್ಳುವುದುಂಟು, ಉಜ್ಜುವುದು ಬಿಟ್ಟಿದ್ದಕ್ಕೇ ಇಷ್ಟಾಯಿತು ಎಂದರು ಹಲ್ಲಿನ ಡಾಕ್ಟರಮ್ಮ. ಬಸುರಿಯರು ಹಲ್ಲಿಗೆ ಕೈ ಹಾಕಿಸಬಾರದಂತಲ್ಲ ಎಂದೆ. ಹಾಗೆಂದವರ ಬಾಯಲ್ಲಿ ಈಗ ಎಷ್ಟು ಹಲ್ಲಿವೆ ಎಂದು ಅವರು ವಿಚಾರಿಸಿದರು. ಹಾಗೆಂದಿದ್ದ ನನ್ನ ಅತ್ತೆಯ ಬೊಚ್ಚುಬಾಯಿ ನೆನಪಾಗಿ, ಬಾಯಿ ತೆರೆದು ಕೂತೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಹುಳುಕು ಹಲ್ಲು ತುಂಬಿದರು, ಒಸಡಿನಂಚಿಗೆ ಗಟ್ಟಿಯಾಗಿ ಅಂಟಿದ್ದ ಕೊಳೆ ಕೆರೆದು ತೆಗೆದರು. ಮಗುವಿಗೆ ಏನೂ ಆಗುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಕೇಳಿಸಿತು, ಅಷ್ಟೆ.

ಮನೆಗೆ ಬಂದಾಗ ಯಂತ್ರದ ಸದ್ದಿರಲಿಲ್ಲ. ಮಂಚದ ಮೇಲೆ ಮಡಿಸಿಟ್ಟ ನನ್ನ ಅಂಗಿಗಳಿದ್ದವು. ಒಂದನ್ನು ತೊಟ್ಟೆ. ಹೊಟ್ಟೆಯ ಬಳಿ ಸಿಕ್ಕಿಕೊಂಡಿತು. ಇನ್ನೊಂದು ತೊಟ್ಟೆ, ಅದೂ ಅಷ್ಟೆ. ಹಿಂದಿನ ತಿಂಗಳು ಅವರೇ, ಒಂದು ಮಾತೂ ಆಡದೆ, ಅವುಗಳ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದರು. ಈಗ ಎಲ್ಲವೂ ಹಳೆಯ ಅಳತೆಗೆ ಬಂದಿದ್ದವು. ಹೊಸ ದಾರ, ಒತ್ತೊತ್ತಾದ ಹೊಲಿಗೆ. ಕಳೆದ ಬಾರಿ ಆಸ್ಪತ್ರೆಯಿಂದ ಮರಳಿದಾಗಲೂ ಅಂಗಿಗಳು ಹೀಗೇ ಕಾದಿದ್ದವು.

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಚ್ಚಲಿನ ರಕ್ತ ಅವರ ಕಣ್ಣಿಗೆ ಬಿದ್ದಿತ್ತು.

ಅಂಗಿ ಹಿಡಿದು ಅಂಗಡಿಗೆ ಹೋಗಿ ಅವರ ಮುಂದೆ ನಿಂತೆ. ಇನ್ನೂ ಮರಗಟ್ಟಿದ್ದ ಅರ್ಧ ತುಟಿ ಯಾರದೋ ಎಂಬಂತಿತ್ತು, ಮಾತು ತೊದಲಿತು.

"ರೀ, ಅದು ಒಸಡಿನ ರಕ್ತ. ಮಗು ಇದೆ."

ಅವರು ನನ್ನ ಬಾಯಿಯನ್ನೇ ನೋಡುತ್ತ ಕೂತರು.

"ಒಂದ್ಮಾತು ಕೇಳ್ಬಾರ್ದಿತ್ತಾ?" ಎಂದೆ.

"ನಾನು ಕೇಳಿ, ನೀನು ಹೌದು ಅಂದಿದ್ರೆ?"

ನನಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಅವರು ಅಂಗಿ ತೆಗೆದುಕೊಂಡು ಬ್ಲೇಡಿನಿಂದ ಹೊಲಿಗೆ ಬಿಚ್ಚತೊಡಗಿದರು. ಅರ್ಧಕ್ಕೆ ಕೈ ನಿಲ್ಲಿಸಿದರು.

"ಎಷ್ಟು ಬಿಡ್ಲಿ?"

"ಒಂಬತ್ತು ತಿಂಗಳಿಗೆ ಆಗೋಷ್ಟು."

ಅವರು ಬಟ್ಟೆಯನ್ನು ಮಗುಚಿ ಒಳಗಿನ ಅಂಚನ್ನು ಬೆರಳಲ್ಲಿ ಅಳೆದರು. ಅಷ್ಟು ಬಟ್ಟೆ ಇದರಲ್ಲಿಲ್ಲ, ಎರಡೂ ಪಕ್ಕಕ್ಕೆ ಬೇರೆ ತುಂಡು ಸೇರಿಸಬೇಕಾಗುತ್ತದೆ, ಬಣ್ಣ ಹೊಂದುವುದಿಲ್ಲ ಎಂದರು.

ಹೊಂದದಿದ್ದರೂ ಸೇರಿಸಿ ಎಂದೆ.